ಕೊಸರಿಗೊಂದು ವಾಲ್ವ್

ನಮ್ಮಪ್ಪನಿಗೆ ನಾಲ್ಕು ಮಾತು ಬೈದರೆ ಮೂರು ಕೇಳಿಸುವುದಿಲ್ಲ. ನಾಲ್ಕನೆಯದಕ್ಕೆ ‘ಏಂ ಕಾದು ಲೇಮ್ಮಾ’ ಎನ್ನುತ್ತಾರೆ. ಏನೂ ಆಗಲ್ಲ ಬಿಡಮ್ಮ ಅಂತ. ಮನೆಯಲ್ಲಿ ಕನ್ನಡ, ಕೋಪ ಇಳಿಸುವುದಕ್ಕೆ ಮಾತ್ರ ತೆಲುಗು. ಎಪ್ಪತ್ತನಾಲ್ಕು ವರ್ಷದಲ್ಲಿ ಅವರಿಗೆ ಏನೂ ಆಗಿಲ್ಲ, ನಿಜ. ಆಗುವುದೆಲ್ಲ ಅವರ ಪಕ್ಕದಲ್ಲಿ ನಿಂತವರಿಗೆ ಆಗುತ್ತದೆ.

ನಾನು ಭಾನುಪ್ರಿಯಾ. ಅಪ್ಪ ಆವಲಪ್ಪನವರು ತೊಂಡೇಬಾವಿಯ ಎರಡು ಎಕರೆ ಮಾರಿ ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಹಾಕಿದ ವಾಲ್ವ್ ಶೆಡ್ಡನ್ನು ಹನ್ನೊಂದು ವರ್ಷದಿಂದ ನಡೆಸುತ್ತಿದ್ದೇನೆ. ಅಪ್ಪ ನಿವೃತ್ತರು. ನಿವೃತ್ತರು ಎಂದರೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ, ಸಂಜೆ ಆರಕ್ಕೆ ಹೋಗುತ್ತಾರೆ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಎಲ್ಲದಕ್ಕೂ ಕೈ ಹಾಕುತ್ತಾರೆ.

ನಮ್ಮ ವಾಲ್ವ್ ಸಣ್ಣ ಕುಂಬಳಕಾಯಿಯಷ್ಟು ದಪ್ಪ. ಹೊರಗೆ ಕಬ್ಬಿಣ, ಒಳಗೆ ಬಿಳಿ ಟೆಫ್ಲಾನ್ ಪದರ. ಎಂಥ ಆಸಿಡ್ ಹರಿದರೂ ತಡೆದುಕೊಳ್ಳುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಆ ಹೆಚ್ಚುಗಾರಿಕೆಯೇ ನಮ್ಮ ತಲೆಗೆ ಬಂದದ್ದು. ಔಷಧ ಮಾಡುವವರ ಆಸಿಡ್ ತಡೆಯುವ ವಾಲ್ವು ವಿಷಾನಿಲ ಮಾಡುವವರ ಆಸಿಡ್ಡನ್ನೂ ತಡೆಯುತ್ತದಲ್ಲ? ಹಾಗಾಗಿ ಅದು ಸ್ಕೋಮೆಟ್ ಎಂಬ ಸರ್ಕಾರಿ ಪಟ್ಟಿಯಲ್ಲಿದೆ. ಕ್ಷಿಪಣಿಗೆ, ಅಣುಬಾಂಬಿಗೆ, ವಿಷಾನಿಲಕ್ಕೆ ಉಪಯೋಗವಾಗಬಹುದಾದ ಸಾಮಾನುಗಳ ಪಟ್ಟಿ ಅದು. ಅದರಲ್ಲಿರುವ ಒಂದು ಮೊಳೆಯನ್ನು ದೇಶದ ಹೊರಗೆ ಕಳಿಸಬೇಕಾದರೂ ದೆಹಲಿಯ ಲೈಸೆನ್ಸ್ ಬೇಕು.

ವಿಯೆಟ್ನಾಂನ ಒಂದು ಔಷಧ ಕಾರ್ಖಾನೆ ಹನ್ನೆರಡು ವಾಲ್ವ್ ಕೇಳಿತು. ನಮ್ಮ ಮೊದಲ ವಿದೇಶಿ ಆರ್ಡರು. ಲೈಸೆನ್ಸಿಗೆ ಏಳು ತಿಂಗಳು ಹಿಡಿಯಿತು. ವಾಲ್ವನ್ನು ಯಾವ ಊರಿನಲ್ಲಿ, ಯಾವ ಕಟ್ಟಡದಲ್ಲಿ, ಯಾವ ಪೈಪಿಗೆ ಕೂರಿಸುತ್ತಾರೆ? ಕೊಂಡವರು ಇನ್ನೊಬ್ಬರಿಗೆ ಮಾರುವುದಿಲ್ಲ ಎಂದು ಬರೆದುಕೊಡುತ್ತಾರಾ? ನಮ್ಮ ಸರ್ಕಾರದವರು ಹೋಗಿ ನೋಡುತ್ತೇವೆ ಎಂದರೆ ಬಾಗಿಲು ತೆಗೆಯುತ್ತಾರಾ? ಒಂದು ಸಲ ನಾನು ಕಳಿಸಿದ ಪ್ರತಿಯಲ್ಲಿ ಮುದ್ರೆ ಮಸುಕಾಗಿದೆಯೆಂದು ಎಲ್ಲವೂ ವಾಪಸು ಬಂತು. ವಿಯೆಟ್ನಾಂನವರಿಗೆ ನಾನು ಬರೆದ ಇಮೇಲುಗಳನ್ನು ಸಾಲಾಗಿ ಜೋಡಿಸಿದರೆ ತೊಂಡೇಬಾವಿ ಸ್ಟೇಷನ್ನಿನವರೆಗೆ ಬರುತ್ತವೆ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದು ನಾನು ಗೊಣಗದ ದಿನವಿಲ್ಲ.

ಅಪ್ಪ ಮಾತ್ರ ಪೇಪರಿನಿಂದ ತಲೆ ಎತ್ತದೆ ಕೇಳುತ್ತಿದ್ದರು, “ನಲ್ಲಿ ಮಾರೋಕೆ ಇಷ್ಟೊಂದು ಪಂಚಾಯ್ತಿ ಏನಮ್ಮ?”

“ನಲ್ಲಿ ಅಲ್ಲಪ್ಪ. ವಾಲ್ವು.”

“ತಿರುಗಿಸಿದ್ರೆ ಬರುತ್ತೆ, ತಿರುಗಿಸಿದ್ರೆ ನಿಲ್ಲುತ್ತೆ. ನಲ್ಲಿನೇ.”

ಕೊನೆಗೆ ಲೈಸೆನ್ಸ್ ಬಂತು. ಅದರಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಹನ್ನೆರಡು ಎಂದಿತ್ತು. ನಾನು ಅದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ ಎಂದೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಎಂದು ಆಮೇಲೆ ಗೊತ್ತಾಯಿತು.

ಈಗ ಸಂಘಮಿತ್ರಳ ವಿಷಯ ಹೇಳಬೇಕು. ಅವಳು ನಮ್ಮ ಕ್ವಾಲಿಟಿ ಇಂಜಿನಿಯರು. ಇಪ್ಪತ್ತೇಳು ವರ್ಷ. ತೊಂಡೇಬಾವಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿರುವ ಮುನಿಶಾಮಿಯ ಮಗಳು, ದಿನಾ ಬೆಳಗಿನ ರೈಲಿಗೆ ಬರುತ್ತಾಳೆ. ಅವಳಿಗೊಂದು ಅಭ್ಯಾಸ. ಯಾವುದನ್ನು ಎಣಿಸಿದರೂ ಮೂರು ಸಲ, ಬೆರಳಿನಿಂದ ಮುಟ್ಟಿ, ಬಾಯಿಬಿಟ್ಟು ಎಣಿಸುತ್ತಾಳೆ. ಹತ್ತು ನಟ್ಟು ಇದ್ದರೂ ಅಷ್ಟೇ. ನನಗೆ ಅದನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. “ಒಂದ್ಸಲ ಸಾಕಲ್ಲಮ್ಮ” ಎಂದರೆ, “ಆಯ್ತು ಮೇಡಂ” ಎಂದು ಮೂರನೆಯ ಸಲ ಎಣಿಸುತ್ತಿದ್ದಳು.

ಆ ಶುಕ್ರವಾರ ಮಧ್ಯಾಹ್ನ ಅವಳು ಮೂರು ಮರದ ಪೆಟ್ಟಿಗೆಗಳಲ್ಲಿ ನಾಲ್ಕು ನಾಲ್ಕು ವಾಲ್ವ್ ಇಡಿಸಿದಳು. ಪ್ರತಿಯೊಂದರ ಮೈಮೇಲೆ ಕೊರೆದ ನಂಬರನ್ನು ಪಟ್ಟಿಯ ಜೊತೆ ತಾಳೆ ನೋಡಿದಳು, ಫೋಟೊ ತೆಗೆದಳು, ತೂಕ ಹಾಕಿಸಿದಳು. ‘ಇದರಲ್ಲಿರುವುದು ಇಷ್ಟೇ, ನಾನೇ ಪರೀಕ್ಷಿಸಿದ್ದೇನೆ’ ಎಂಬ ಘೋಷಣೆಗೆ ಸಹಿ ಹಾಕಿದಳು. ಮುಚ್ಚಳಕ್ಕೆ ಮೊಳೆ ಹೊಡೆಯಬೇಕಾಗಿದ್ದ ಬಡಗಿ ಕೋನಪ್ಪ ಅವತ್ತು ವಿದುರಾಶ್ವತ್ಥಕ್ಕೆ ನಾಗರಕಲ್ಲಿನ ಪ್ರತಿಷ್ಠೆಗೆ ಹೋಗಿದ್ದ. ಮೊಳೆ ಶನಿವಾರಕ್ಕೆ ಉಳಿಯಿತು. ಶನಿವಾರ ಸಂಘಮಿತ್ರಳಿಗೆ ರಜೆ, ನನಗೆ ಚಿಕ್ಕಬಳ್ಳಾಪುರದಲ್ಲಿ ಮದುವೆ.

“ನಾನಿರ್ತೀನಿ ಕಣಮ್ಮ, ನೋಡ್ಕೋತೀನಿ ಹೋಗು” ಎಂದರು ಅಪ್ಪ.

ನೋಡಿಕೊಂಡರು.

ಬುಧವಾರ ಹನ್ನೊಂದು ಗಂಟೆಗೆ ಫೋನ್ ಬಂತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಮ್ಮ ಸಾಮಾನಿನ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ಮುರಳಿಮೋಹನ್.

“ಮೇಡಂ, ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿದ್ರು. ಹದಿಮೂರಿದೆ.”

“ಹನ್ನೆರಡು ಅಂತ ಹೇಳ್ರಿ.”

“ನಾನ್ ಹೇಳಿದ್ರೆ ಅದು ಹನ್ನೆರಡಾಗುತ್ತಾ ಮೇಡಂ? ಮೂರನೇ ಪೆಟ್ಟಿಗೇಲಿ ಐದಿದೆ. ಐದನೇದಕ್ಕೆ ನಂಬರೇ ಇಲ್ಲ.”

ಪಟ್ಟಿಯಲ್ಲಿರುವ ಸಾಮಾನು, ನಂಬರಿಲ್ಲದ್ದು, ಲೈಸೆನ್ಸಿಗಿಂತ ಹೆಚ್ಚಿನದು, ಯಾರಿಗೂ ತಿಳಿಸದೆ ದೇಶದ ಹೊರಗೆ ಹೊರಟಿತ್ತು. ಅದರ ಜೊತೆಯಲ್ಲಿ ‘ಇರುವುದು ಇಷ್ಟೇ’ ಎಂಬ ಸಂಘಮಿತ್ರಳ ಸಹಿ.

ಅವಳನ್ನು ಕರೆದೆ. ಕೂರು ಎಂದೂ ಹೇಳಲಿಲ್ಲ, ಮೇಲೆ ಬಿದ್ದೆ. ಅವಳು ಮಾತ್ರ ಲೆಕ್ಕ ಬದಲಿಸಲಿಲ್ಲ.

“ಹನ್ನೆರಡು ಮೇಡಂ. ಮೂರು ಸಲ ಎಣಿಸಿದ್ದೀನಿ.”

“ಹಾಗಾದ್ರೆ ಹದಿಮೂರನೇದು ಏನು, ಪೆಟ್ಟಿಗೆ ಒಳಗೆ ಮರಿ ಹಾಕ್ತಾ?”

“ಗೊತ್ತಿಲ್ಲ. ನಾನಿಟ್ಟಿದ್ದು ಹನ್ನೆರಡು.”

ಮುರಳಿಮೋಹನ್ ಮತ್ತೆ ಫೋನ್ ಮಾಡಿದ. ಈ ಸಲ ಅವನ ದನಿಗೆ ಬೆಲ್ಲ ಸವರಿತ್ತು. “ಮೇಡಂ, ತಲೆ ಕೆಡಿಸ್ಕೋಬೇಡಿ. ಸೈನ್ ಮಾಡಿರೋದು ಆ ಹುಡುಗಿ ತಾನೆ? ಅವಳದ್ದೇ ತಪ್ಪು, ಕೆಲಸದಿಂದ ತೆಗೆದಿದ್ದೀವಿ ಅಂತ ಒಂದು ಲೆಟರ್ ಕೊಟ್ಟುಬಿಡಿ. ಕಂಪನಿ ಬಚಾವ್.”

ಸುಳ್ಳು ಯಾಕೆ ಹೇಳಲಿ, ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ನಾನು ಅದನ್ನು ಯೋಚಿಸಿದೆ. ಏಳು ತಿಂಗಳ ಒದ್ದಾಟ, ವಿಯೆಟ್ನಾಂನವರು ಮುಂದೆ ಕೇಳಲಿದ್ದ ಅರವತ್ತು ವಾಲ್ವು, ಶೆಡ್ಡಿನ ಹೆಸರು, ಎಲ್ಲ ಕಣ್ಣ ಮುಂದೆ ಬಂತು. ಇನ್ನೊಂದು ಕಡೆ ಈ ಹುಡುಗಿ. ರಫ್ತಿನ ಕಾಗದಕ್ಕೆ ಸುಳ್ಳು ಸಹಿ ಹಾಕಿದವಳು ಎಂದು ಒಮ್ಮೆ ದಾಖಲಾದರೆ ಮುಂದೆ ಯಾವ ಕಾರ್ಖಾನೆಯಲ್ಲೂ ಅವಳ ಸಹಿಗೆ ಬೆಲೆಯಿಲ್ಲ. ಕ್ವಾಲಿಟಿಯವರಿಗೆ ಸಹಿಯೇ ಅನ್ನ. ಅವಳ ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಮೊದಲ ಮಗು ಅವಳು. ಇಷ್ಟೆಲ್ಲ ಗೊತ್ತಿದ್ದೂ ನಾನು ಟೀ ಮುಗಿಯುವ ತನಕ ಯೋಚಿಸಿದೆನಲ್ಲ, ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಸಂಘಮಿತ್ರ ಬಂದು ಬಾಗಿಲಲ್ಲಿ ನಿಂತಳು. “ಮೇಡಂ, ಟ್ರಯಲ್‌ಗೆ ಅಂತ ಮೊದಲು ಒಂದು ವಾಲ್ವ್ ಮಾಡಿದ್ವಲ್ಲ, ನಂಬರ್ ಹಾಕದೆ ಶೆಲ್ಫ್ ಮೇಲೆ ಇಟ್ಟಿದ್ದು. ಅದು ಅಲ್ಲಿಲ್ಲ.”

ಕೋನಪ್ಪನನ್ನು ಕರೆಸಿದೆ. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟ. “ಯಜಮಾನ್ರು ಇಟ್ರಮ್ಮ. ಕಾಯಿ ಒಡೆದು, ಕುಂಕುಮ ಹಚ್ಚಿ, ಒಂದು ಸೈಡಲ್ಲಿ ಇಟ್ರು. ನಾನು ಮೊಳೆ ಹೊಡೆದೆ.”

“ಯಾಕೆ ಅಂತ ಕೇಳ್ಲಿಲ್ವೇನೋ?”

“ಯಜಮಾನ್ರನ್ನ ಹೆಂಗಮ್ಮ ಕೇಳೋದು?”

ಅಪ್ಪ ಶೆಡ್ಡಿನ ಮುಂದೆ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ಹೋಗುವ ರಭಸ ನೋಡಿ ಸಂಘಮಿತ್ರಳೂ ಹಿಂದೆ ಬಂದಳು.

“ಅಪ್ಪ, ಪೆಟ್ಟಿಗೆಗೆ ಇನ್ನೊಂದು ವಾಲ್ವ್ ಹಾಕಿದ್ರಾ?”

“ಹೂಂ, ಹಾಕ್ದೆ” ಎಂದರು, ಸಂಕೋಚವೇ ಇಲ್ಲದೆ. “ಅಷ್ಟು ದೂರದಿಂದ ಕೇಳಿದ್ದಾರೆ. ಮೊದಲ್ನೇ ಬೋಣಿ. ಕೊಸರು ಬೇಡ್ವಾ?”

ಕೊಸರು. ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಎನಿಸಿತು. ಅಳತೆ ಮುಗಿದ ಮೇಲೆ ಮೇಲೊಂದು ಹಿಡಿ ಹಾಕುವುದು ನಮ್ಮ ಮನೆಯ ದೊಡ್ಡಸ್ತಿಕೆ. ತಾತನ ಕಾಲದಿಂದ ಕಡಲೆಕಾಯಿ ಮಾರಲಿ, ಹುಣಸೆಹಣ್ಣು ಮಾರಲಿ, ಕೊಸರಿಲ್ಲದೆ ಗಿರಾಕಿಯನ್ನು ಕಳಿಸಿದ್ದಿಲ್ಲ. ಗೌರಿಬಿದನೂರು ಸಂತೆಯಲ್ಲಿ ‘ಆವಲಪ್ಪನ ಕೊಸರು’ ಎಂದರೆ ಈಗಲೂ ಹಳಬರು ತಲೆದೂಗುತ್ತಾರೆ. ಆದರೆ ಇದು ಹುಣಸೆಹಣ್ಣಲ್ಲ.

ಏಳು ತಿಂಗಳ ಸಿಟ್ಟನ್ನೆಲ್ಲ ಅಲ್ಲೇ ಕಾರಿದೆ. ಲೈಸೆನ್ಸು, ಕಸ್ಟಮ್ಸು, ಕೇಸು, ಎಲ್ಲ ಹೇಳಿದೆ. ಅಪ್ಪ ಇನ್ನೊಂದು ಕಡಲೆಕಾಯಿ ಬಿಡಿಸಿದರು.

“ಏಂ ಕಾದು ಲೇಮ್ಮಾ. ಕಡಿಮೆ ಹಾಕಿದ್ರೆ ಮೋಸ. ಹೆಚ್ಚಿಗೆ ಹಾಕಿದ್ರೆ ಯಾರಾದ್ರೂ ಜೈಲಿಗೆ ಹಾಕ್ತಾರಾ?”

“ಹಾಕ್ತಾರೆ. ನಿಮ್ಮನ್ನಲ್ಲ. ಇವಳನ್ನ. ಸೈನ್ ಹಾಕಿದೋಳು ಇವಳು.”

ಅಪ್ಪ ಮೊದಲ ಸಲ ಸಂಘಮಿತ್ರಳ ಕಡೆ ನೋಡಿದರು. “ಮುನಿಶಾಮಿ ಮಗಳಲ್ವಾ? ಹೆದರಬೇಡಮ್ಮ. ಎಣಿಸೋವಾಗ ಕೈತಪ್ಪು ಆಯ್ತು ಅಂತ ಹೇಳಿಬಿಡು. ಚಿಕ್ಕ ಹುಡುಗಿ, ಬಿಟ್ಟುಬಿಡ್ತಾರೆ.”

ಸಂಘಮಿತ್ರ ಬೇಗ ಮಾತಾಡುವವಳಲ್ಲ.

“ಕೈತಪ್ಪು ಆಗಿಲ್ಲ ಸಾರ್” ಎಂದಳು. “ಎಣಿಸೋದು ನನಗೆ ಕಾಲೇಜಲ್ಲಿ ಕಲಿಸಿದ್ದಲ್ಲ. ನಮ್ಮಜ್ಜಿ ಕಲಿಸಿದ್ದು. ನಿಮ್ಮ ಕಣದಲ್ಲಿ ಕೂಲಿಗೆ ರಾಗಿ ಅಳೀವಾಗ ಆರು ಸೇರು ಆದ್ಮೇಲೆ ನೇರ ಎಂಟು ಅನ್ನೋರಂತೆ. ಅಜ್ಜಿ ಸೆರಗು ಒಡ್ಡಿಕೊಂಡು ಮನಸ್ಸಲ್ಲೇ ಎಣಿಸೋರು. ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ. ಅದಕ್ಕೆ ನನಗೆ ಹೇಳ್ಕೊಟ್ರು, ಮೂರು ಸಲ ಎಣಿಸು, ಬಾಯಿಬಿಟ್ಟು ಎಣಿಸು ಅಂತ. ಸಂತೇಲಿ ಕೊಸರು ಹಾಕ್ತಿದ್ರು ಅಂತ ನಾನೂ ಕೇಳಿದ್ದೀನಿ ಸಾರ್. ನಮಗೆ ಅಳತೆನೇ ಸರಿಯಾಗಿ ಬರ್ತಿರಲಿಲ್ಲ.”

ಇಷ್ಟು ಹೇಳಿ ಒಳಗೆ ಹೋಗಿ ತನ್ನ ಮೇಜಿನ ಮುಂದೆ ಕೂತಳು. ಅಪ್ಪನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ಇತ್ತು. ಆ ಕಣದ ರಾಗಿ ಮಾರಿದ ದುಡ್ಡಿನಲ್ಲೇ ನಾನೂ ಓದಿದ್ದು.

ಸೋಮವಾರದ ವಿಚಾರಣೆಗೆ ಬರಬೇಕೆಂದು ಕಾಗದ ಬಂತು, ನನಗೂ ಸಂಘಮಿತ್ರಳಿಗೂ. ಅಪ್ಪನ ಹೆಸರು ಎಲ್ಲಿಯೂ ಇರಲಿಲ್ಲ. ಯಾವ ಕಾಗದಕ್ಕೂ ಸಹಿ ಹಾಕದವರ ಹೆಸರು ಯಾವ ಕಾಗದದಲ್ಲಿ ಇರುತ್ತದೆ? ಮುರಳಿಮೋಹನ್ ಬೇರೆ ಉಪದೇಶ ಮಾಡಿದ, ವಯಸ್ಸಾದವರನ್ನು ಯಾಕೆ ಎಳೆಯುತ್ತೀರಿ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನನ್ನಿಂದ ಆಗಲ್ಲ ಎಂದು ಫೋನ್ ಕುಕ್ಕಿದೆ. ಆದರೆ ನಾನು ಹೇಳಿದರೆ ಯಾರು ನಂಬುತ್ತಾರೆ? ಮಾಲೀಕಳು ಕೆಲಸದವಳನ್ನು ಉಳಿಸಲು ಮುದುಕನ ಮೇಲೆ ಹಾಕುತ್ತಿದ್ದಾಳೆ ಎನ್ನುತ್ತಾರೆ. ಹೇಳಬೇಕಾದವರು ಹೇಳಬೇಕು. ಹೇಳಬೇಕಾದವರು ಮೂರು ದಿನದಿಂದ ಶೆಡ್ಡಿಗೆ ಬಂದಿರಲಿಲ್ಲ. ಮನೆಯಲ್ಲಿ ಟಿ.ವಿ. ಹಾಕಿಕೊಂಡು ಧಾರಾವಾಹಿಯನ್ನೂ ನೋಡದೆ ಜಾಹೀರಾತು ನೋಡುತ್ತಾ ಕೂತಿದ್ದರು. “ಬರ್ತೀರಾ ಇಲ್ವಾ, ಅದನ್ನಾದ್ರೂ ಹೇಳಿ” ಎಂದು ಮೂರು ಸಲ ಕೂಗಾಡಿದೆ. ಅವರು ಟಿ.ವಿ. ಸದ್ದು ಜೋರು ಮಾಡಿದರು.

ಸೋಮವಾರ ಬೆಳಿಗ್ಗೆ ಆರೂವರೆಗೆ ಕಾರು ತೆಗೆಯಲು ಹೋದರೆ, ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ಬೆಲ್ಟು ಕೂಡ ಹಾಕಿಕೊಂಡಿದ್ದರು. ದಾರಿಯಲ್ಲಿ ತೊಂಡೇಬಾವಿಯಲ್ಲಿ ಸಂಘಮಿತ್ರಳನ್ನು ಹತ್ತಿಸಿಕೊಂಡೆವು. ಯಲಹಂಕದ ತನಕ ಟ್ರಾಫಿಕ್ಕಿಗೆ ಮಾತ್ರ ನಾನು ಬೈದೆ.

ಕಸ್ಟಮ್ಸ್ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಮೇಜಿನ ಮೇಲೆ ನಮ್ಮ ಹದಿಮೂರನೆಯ ವಾಲ್ವ್ ಕೂತಿತ್ತು, ಹಣೆಯಲ್ಲಿ ಅಪ್ಪ ಹಚ್ಚಿದ ಕುಂಕುಮದ ಸಮೇತ. ನಾನು ಪಟ್ಟಿ, ಫೋಟೊ, ತೂಕದ ಚೀಟಿ ಎಲ್ಲ ಮುಂದಿಟ್ಟೆ. ಒಂದೇ ಒಂದು ವಾಲ್ವಿಗೆ ಇಷ್ಟೆಲ್ಲವೇ ಎಂದು ನನ್ನ ಬಾಯಿ ಸುಮ್ಮನಿರದೆ ಕೇಳಿಯೂ ಬಿಟ್ಟಿತು.

ಆಕೆ ಕೋಪ ಮಾಡಿಕೊಳ್ಳಲಿಲ್ಲ. “ಆ ಹನ್ನೆರಡು ಎಲ್ಲಿ ಕೂತಿವೆ ಅಂತ ನಾವು ಬೇಕಾದರೆ ಹೋಗಿ ನೋಡಬಹುದು. ನಂಬರ್ ಇದೆ, ಬರೆದುಕೊಟ್ಟಿದ್ದಾರೆ. ಈ ಹದಿಮೂರನೇದು ಎಲ್ಲಿಗೆ ಹೋಯ್ತು ಅಂತ ಯಾರನ್ನ ಕೇಳೋದು? ಕೆಟ್ಟ ಕೆಲಸಕ್ಕೆ ಸಾಮಾನು ಸೇರಿಸೋರು ಒಂದೊಂದೇ ಸೇರಿಸೋದು, ಮೇಡಂ.”

ಏಳು ತಿಂಗಳಲ್ಲಿ ಯಾರಾದರೂ ನನಗೆ ಇದನ್ನು ಇಷ್ಟು ಬಿಡಿಸಿ ಹೇಳಿದ್ದರೆ ನಾನು ಅರ್ಧ ಕಡಿಮೆ ಗೊಣಗುತ್ತಿದ್ದೆ. ಅಪ್ಪ ಎದ್ದು ನಿಂತರು.

“ಅದನ್ನ ಹಾಕಿದ್ದು ನಾನು ತಾಯಿ. ನನ್ನ ಹೆಸರು ಆವಲಪ್ಪ. ಶನಿವಾರ ಇವರಿಬ್ರೂ ಇಲ್ದಾಗ ಹಾಕ್ದೆ.” ಯಾಕೆ ಹಾಕಿದರೆಂದೂ ಹೇಳಿದರು. ಕೊಸರು ಎಂದರೇನೆಂದು ಆಕೆಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಅವರ ಊರಿನಲ್ಲೂ ಹಾಕುತ್ತಾರಂತೆ. ಆದರೂ ಆಕೆ ಪೆನ್ನು ಕೆಳಗಿಡಲಿಲ್ಲ.

“ಯಜಮಾನರೇ, ನೀವು ಮಗಳಿಗೋಸ್ಕರ, ಕಂಪನಿಗೋಸ್ಕರ ಹೇಳ್ತಿರಬಹುದು. ಈ ಹುಡುಗಿ ಎಣಿಕೆ ತಪ್ಪಿರಬಹುದಲ್ಲ?”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನಿಗೆ ಬಿಡುಗಡೆ, ನನಗೂ ಬಿಡುಗಡೆ. ಸಂಘಮಿತ್ರ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಇಲ್ಲ ತಾಯಿ” ಎಂದರು ಅಪ್ಪ. “ಇವರ ಮನೆಯೋರು ಎಣಿಕೆ ತಪ್ಪೋರಲ್ಲ. ಇವರಜ್ಜಿ ಪೆದ್ದಮ್ಮ ನಮ್ಮ ಕಣದಲ್ಲಿ ಸೆರಗೊಡ್ಡಿ ನಿಂತು ಎಣಿಸ್ತಿದ್ಲು. ಅವಳು ಸರಿಯಾಗೇ ಎಣಿಸ್ತಿದ್ಲು. ತಪ್ಪಿಸ್ತಿದ್ದೋರು ನಾವು. ಸೇರು ಹಿಡ್ಕೊಂಡಿದ್ದೋನು ನಾನೇ.”

ಪಕ್ಕದಲ್ಲಿ ಹೇಳಿಕೆ ಟೈಪ್ ಮಾಡುತ್ತಿದ್ದವನು ಅಧಿಕಾರಿಯ ಮುಖ ನೋಡಿದ.

“ಅದು ಈ ಕೇಸಿಗೆ ಸಂಬಂಧ ಇಲ್ಲ” ಎಂದರು ಆಕೆ, ಮೆಲ್ಲಗೆ.

“ಸಂಬಂಧ ಐತೆ. ಬರ್ಕೊಳ್ಳಿ” ಎಂದರು ಅಪ್ಪ.

ಬರೆದುಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ನಮಗೆ ಕೊಟ್ಟ ಪ್ರತಿಯಲ್ಲಿ ಅದು ಇರಲಿಲ್ಲ. ಇದ್ದದ್ದು ಇಷ್ಟು: ಪ್ಯಾಕಿಂಗ್ ಘೋಷಣೆ ಸಹಿ ಹಾಕಿದ ಸಮಯಕ್ಕೆ ಸರಿಯಾಗಿತ್ತು, ಹೆಚ್ಚುವರಿ ವಾಲ್ವನ್ನು ಆಮೇಲೆ ಬೇರೆಯವರು ಇಟ್ಟಿದ್ದಾರೆ. ವಾಲ್ವ್ ಜಪ್ತಿ. ಹೊಸದಾಗಿ ಕಾಗದ ಕೊಟ್ಟರೆ ಉಳಿದ ಹನ್ನೆರಡು ಹೋಗಬಹುದು. ಸಂಸ್ಥೆಗೆ ದಂಡ, ಎಚ್ಚರಿಕೆ. ಪ್ಯಾಕಿಂಗ್ ಕೋಣೆಗೆ ಬೀಗ ಇರಬೇಕು, ಬೀಗದ ಕೈ ಸಂಘಮಿತ್ರಳ ಹತ್ತಿರವೇ ಇರಬೇಕು. ಸಂಘಮಿತ್ರ ಆ ಹಾಳೆಯನ್ನು ಮೂರು ಸಲ ಓದಿದಳು. ನಾನು ಒಂದ್ಸಲ ಸಾಕಲ್ಲಮ್ಮ ಎನ್ನಲಿಲ್ಲ.

ವಾಪಸು ಬರುವಾಗ ದೊಡ್ಡಬಳ್ಳಾಪುರ ದಾಟಿದ ಮೇಲೆ ಅವಳು ಅಜ್ಜಿಗೆ ಫೋನ್ ಮಾಡಿದಳು. ಪೆದ್ದಮ್ಮನಿಗೆ ಎಂಬತ್ತನಾಲ್ಕು. ಕಿವಿ ಮಂದ, ಆ ಕಡೆಯಿಂದ ಕಿರುಚುತ್ತಾರೆ. ಸ್ಪೀಕರ್ ಹಾಕದಿದ್ದರೂ ಕಾರಿಗೆಲ್ಲ ಕೇಳಿಸುತ್ತಿತ್ತು.

“ಅಜ್ಜಿ, ನನ್ನ ಮೇಲೆ ಏನೂ ಇಲ್ಲ ಅಂತ ಆಯ್ತು. ಆವಲಪ್ಪನೋರು ಬಂದು ಹೇಳಿದ್ರು.”

“ಯಾರು?”

“ಆವಲಪ್ಪನೋರು. ಕಣದಲ್ಲಿ ಅಳತೆ ತಪ್ಪಿಸ್ತಿದ್ದಿದ್ದೂ ಹೇಳಿದ್ರು ಅಜ್ಜಿ. ಆಫೀಸರ್ ಮುಂದೇನೇ.”

ಆ ಕಡೆ ಕೋಳಿಯ ಸದ್ದು ಕೇಳಿಸುತ್ತಿತ್ತು.

“ಎಷ್ಟು ಸೇರು ಅಂತ ಹೇಳಿದ್ರಾ?” ಎಂದರು ಪೆದ್ದಮ್ಮ.

ಸಂಘಮಿತ್ರ ಮುಂದಿನ ಸೀಟಿನ ಕಡೆ ನೋಡಿದಳು. ಅಪ್ಪ ರಸ್ತೆ ನೋಡುತ್ತಿದ್ದರು.

“ಹೇಳ್ಲಿಲ್ಲ ಪೆದ್ದಮ್ಮ” ಎಂದರು, ತಿರುಗದೆಯೇ. “ನನಗೆ ಗೊತ್ತಿಲ್ಲ.” ಸಂಘಮಿತ್ರ ಅದನ್ನು ಫೋನಿಗೆ ಕೂಗಿ ಹೇಳಿದಳು.

“ಗೊತ್ತಿಲ್ವಂತಾ? ಬರೋಕೆ ಹೇಳು. ನಂಗೊತ್ತೈತೆ.”

ಫೋನ್ ಕಟ್ಟಾಯಿತು. ತೊಂಡೇಬಾವಿಯ ತಿರುವು ಬಂತು. ಸಂಘಮಿತ್ರಳನ್ನು ಅಲ್ಲೇ ರಸ್ತೆಯಲ್ಲಿ ಇಳಿಸಿ ನೇರ ಹೋಗುವುದೇ, ಊರೊಳಗೆ ತಿರುಗುವುದೇ ಎಂದು ಅಪ್ಪನ ಮುಖ ನೋಡಿದೆ. ಏಂ ಕಾದು ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ.

“ತಿರುಗಿಸಮ್ಮ” ಎಂದರು.